ಓದುಗರ ಪ್ರಶ್ನೆ: ಇಪ್ಪತ್ತೈದನೇ ವರ್ಷಕ್ಕೆ ಹೊರದೇಶ, ಎಲ್ಲಿಗೆ ಹೋಗೋಣ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಚಿಕ್ಕ ಕಾಫಿ ತೋಟ. ರೊಬಸ್ಟಾ ಜಾಸ್ತಿ, ಮಧ್ಯೆ ಮೆಣಸು. ಬರುವ ಮೇ ತಿಂಗಳಿಗೆ ಮದುವೆಯಾಗಿ 25 ವರ್ಷ. ಕಾಫಿಗೆ ಒಳ್ಳೆ ರೇಟ್ ಸಿಕ್ಕಿದೆ, ಈ ಸಲ ಹೊರದೇಶ ನೋಡಿಬಿಡೋಣ ಅಂತ ನಮ್ಮ ಯಜಮಾನರು ಹೊರಟಿದ್ದಾರೆ. ಅವರು ನೋಡಿಟ್ಟಿರುವುದು ಹನ್ನೆರಡು ದಿನದಲ್ಲಿ ಏಳು ದೇಶ ತೋರಿಸುವ ಯುರೋಪ್ ಪ್ಯಾಕೇಜ್. ಬೆಂಗಳೂರಲ್ಲಿರುವ ಮಗಳು ವಿಯೆಟ್ನಾಂಗೆ ಹೋಗಿ, ಅರ್ಧ ದುಡ್ಡಲ್ಲಿ ಮುಗಿಯುತ್ತೆ ಅಂತಾಳೆ. ನನಗೆ ಮೊದಲಿನಿಂದಲೂ ಸ್ವಿಟ್ಜರ್ಲೆಂಡ್ ಆಸೆ. ಐದು ಲಕ್ಷ ತೆಗೆದಿಟ್ಟಿದ್ದೇವೆ. ಇಬ್ಬರೂ ವಿಮಾನ ಹತ್ತಿದವರಲ್ಲ. ನಾನು ಮಾಂಸ ಬಿಟ್ಟು ತುಂಬಾ ವರ್ಷವಾಯಿತು, ಅವರು ಎಲ್ಲಾ ತಿನ್ನುತ್ತಾರೆ. ಏನು ಮಾಡೋಣ?

ಉತ್ತರ: ಮೊದಲು ಆ ಏಳು ದೇಶದ ಲೆಕ್ಕ ನೋಡೋಣ. ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ ಕಳೆದರೆ ಹತ್ತು ಉಳಿಯಿತು. ಹತ್ತು ದಿನಕ್ಕೆ ಏಳು ದೇಶ ಅಂದರೆ ನೀವು ನೋಡುವುದು ಬಸ್ಸಿನ ಕಿಟಕಿ. ಬೆಳಗ್ಗೆ ಆರಕ್ಕೆ ಫೋನ್ ಮಾಡಿ ಎಬ್ಬಿಸುತ್ತಾರೆ, ಏಳಕ್ಕೆ ಸೂಟ್‌ಕೇಸ್ ರೂಮಿನ ಹೊರಗಿಡಬೇಕು, ಎಂಟಕ್ಕೆ ಬಸ್ ಹೊರಟಿರುತ್ತೆ. ಆಳುಗಳು ಬರೋ ಹೊತ್ತಿಗೆ ತಿಂಡಿ ಕಾಫಿ ಆಗಿರಬೇಕು ಅಂತ ಇಪ್ಪತ್ತೈದು ವರ್ಷ ಐದಕ್ಕೇ ಎದ್ದವರು ನೀವು. ಬೆಳ್ಳಿ ಹಬ್ಬಕ್ಕೂ ದುಡ್ಡು ಕೊಟ್ಟು ಅದನ್ನೇ ಮಾಡಬೇಕಾ?

ಪ್ಯಾಕೇಜ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಎಪ್ಪತ್ತು ದಾಟಿದ ಅಪ್ಪ ಅಮ್ಮನನ್ನು ಕಳಿಸುವಾಗ, ಅನ್ನ ಸಾರು ಇಲ್ಲದೆ ಆಗೋದೇ ಇಲ್ಲ ಅನ್ನೋರಿಗೆ, ಜೊತೆಗೆ ಅಡುಗೆಯವರನ್ನೂ ಕರೆದೊಯ್ಯುವ ಟೂರ್ ಒಳ್ಳೆಯದೇ. ನೀವಿಬ್ಬರೂ ಇನ್ನೂ ಗಟ್ಟಿ ಇದ್ದೀರಿ. ಒಂದೇ ದೇಶ ಹಿಡಿಯಿರಿ, ಎಂಟು ರಾತ್ರಿ ಇರಿ, ಜಾಸ್ತಿ ಅಂದರೆ ಎರಡು ಊರಲ್ಲಿ ಉಳಿಯಿರಿ.

ಯಾವ ದೇಶ? ಮಗಳ ಸಲಹೆ ಚೆನ್ನಾಗಿದೆ, ಆದರೆ ಮೇ ತಿಂಗಳಿಗೆ ಅಲ್ಲ. ವಿಯೆಟ್ನಾಂ ಉದ್ದಕ್ಕೂ ಹವಾ ಹದವಾಗಿರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಆಗ ನಿಮ್ಮಲ್ಲಿ ರೊಬಸ್ಟಾ ಕುಯ್ಲು. ಯಾರು ಬಿಟ್ಟು ಹೋಗುತ್ತಾರೆ? ಮೇ ಬಂತೆಂದರೆ ಅಲ್ಲಿ ಉತ್ತರದಲ್ಲಿ ಸೆಕೆ, ದಕ್ಷಿಣದಲ್ಲಿ ಮಳೆ ಶುರು. ಸ್ವಿಟ್ಜರ್ಲೆಂಡಿನಲ್ಲಿ ಮಾತ್ರ ಅದೇ ಮೇ ತಿಂಗಳಲ್ಲಿ ಹಿಮ ಕರಗಿ ಜಲಪಾತಗಳೆಲ್ಲ ತುಂಬಿರುತ್ತವೆ, ಹುಲ್ಲುಗಾವಲಲ್ಲಿ ಹೂವು, ರಾತ್ರಿ ಒಂಬತ್ತರ ತನಕ ಬೆಳಕು, ಜುಲೈನಷ್ಟು ಜನ ಇಲ್ಲ. ಹಾಗಾಗಿ ಈ ಸಲ ನಿಮ್ಮ ಆಸೆಯೇ ಗೆಲ್ಲಲಿ. ನಮ್ಮ ಮಲೆನಾಡಲ್ಲಿ ಇಲ್ಲದ ಹಸಿರು ಅಲ್ಲೇನಿದೆ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಅನ್ನಲಿ ಬಿಡಿ.

ಆದಷ್ಟು ಮೇ ಎರಡನೇ ಅರ್ಧದಲ್ಲಿ ಹೋಗಿ. ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗೆ ಅಲ್ಲಿ ಕೆಲವು ಕೇಬಲ್ ಕಾರುಗಳನ್ನು ರಿಪೇರಿಗೆ ನಿಲ್ಲಿಸಿರುತ್ತಾರೆ. ಗಿಡಗಳಿಗೆ ರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೆಸೋದು ಯಾರು ಅಂತ ಯಜಮಾನರು ಕೇಳಬಹುದು. ಮೇಸ್ತ್ರಿಗೆ ಹೇಳಿ ಹೋದರಾಯಿತು, ತೋಟ ಎಲ್ಲೂ ಹೋಗಲ್ಲ.

ಜ್ಯೂರಿಚ್ ವಿಮಾನ ನಿಲ್ದಾಣದ ಕೆಳಗೇ ರೈಲ್ವೆ ಸ್ಟೇಷನ್ ಇದೆ. ಅಲ್ಲಿಂದ ಇಂಟರ್‌ಲೇಕನ್‌ಗೆ ಎರಡು ಗಂಟೆ ಮೇಲೆ ಸ್ವಲ್ಪ. ಅಲ್ಲಿ ಅಥವಾ ಇನ್ನೂ ಒಳಗೆ ಲೌಟರ್‌ಬ್ರುನ್ನೆನ್ ಕಣಿವೆಯಲ್ಲಿ ಅಡುಗೆಮನೆ ಇರುವ ಮನೆ ತಗೊಂಡು ಐದು ರಾತ್ರಿ ಇರಿ. ಈ ಕಣಿವೆಯಲ್ಲಿ ಮನೆಗಳ ಹಿಂದೆಯೇ ಸ್ಟೌಬಾಕ್ ಜಲಪಾತ ಸುಮಾರು 300 ಮೀಟರ್ ಮೇಲಿಂದ ಬೀಳುತ್ತದೆ. ನಮ್ಮ ಜೋಗ 253 ಮೀಟರ್. ಆದರೆ ಜೋಗದ ಅಬ್ಬರ ಅದಕ್ಕಿಲ್ಲ, ಕೆಳಗೆ ಬರುವಷ್ಟರಲ್ಲಿ ಅರ್ಧ ನೀರು ಗಾಳಿಗೆ ತುಂತುರಾಗಿ ಹೋಗಿರುತ್ತದೆ. ಉಳಿದ ಮೂರು ರಾತ್ರಿ ಲೂಸರ್ನ್ ಊರಲ್ಲಿ, ಸರೋವರದ ಪಕ್ಕ.

ಯುಂಗ್‌ಫ್ರೌಯೋಕ್‌ಗೆ ಹೋಗೇ ಹೋಗುತ್ತೀರಿ, ಎಲ್ಲರೂ ಹೋಗುವುದು ಅಲ್ಲಿಗೇ. 3,454 ಮೀಟರ್ ಎತ್ತರದಲ್ಲಿ ರೈಲ್ವೆ ಸ್ಟೇಷನ್, 1912ರಲ್ಲೇ ಬೆಟ್ಟ ಕೊರೆದು ರೈಲು ಬಿಟ್ಟಿದ್ದಾರೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಹಾಗಾಗಿ ಮೇಲೆ ಇಳಿದ ಕೂಡಲೇ ಓಡಾಡಬೇಡಿ, ಬಿಪಿ ಇದ್ದರೆ ಮೊದಲೇ ಡಾಕ್ಟರ್‌ಗೆ ಕೇಳಿ. ಟಿಕೆಟ್ ಭಾರೀ ದುಬಾರಿ. ಅಲ್ಲಿನ ರೈಲು, ಬಸ್ಸುಗಳಿಗೆಲ್ಲ ಒಂದೇ ಟಿಕೆಟ್ ಆಗುವ ಸ್ವಿಸ್ ಟ್ರಾವೆಲ್ ಪಾಸ್ ಇದ್ದರೂ ಕೊನೆಯ ಭಾಗಕ್ಕೆ ಬೇರೆ ಟಿಕೆಟ್ ತಗೋಬೇಕು, ಅದರಲ್ಲಿ ರಿಯಾಯಿತಿ ಅಷ್ಟೇ ಸಿಗುತ್ತೆ. ಅದಕ್ಕೇ ಒಂದು ಕೆಲಸ ಮಾಡಿ: ಬೆಳಗ್ಗೆ ಎದ್ದು ಮೇಲಿನ ಕ್ಯಾಮೆರಾದ ಚಿತ್ರ ಮೊಬೈಲಲ್ಲಿ ನೋಡಿ. ಬರೀ ಬೆಳ್ಳಗೆ ಮೋಡ ಕಾಣಿಸಿದರೆ ಆವತ್ತು ಹೋಗಬೇಡಿ. ಅಲ್ಲಿ ಹೋಗಿ ಮಂಜು ನೋಡಿ ಬರೋಕೆ ಚಾರ್ಮಾಡಿ ಸಾಕು. ಒಂದೇ ಊರಲ್ಲಿ ಐದು ರಾತ್ರಿ ಇರಿ ಅಂದಿದ್ದು ಇದಕ್ಕೇ, ನಾಳೆ ಹೋಗೋಣ ಅನ್ನಲು ಆಗಬೇಕು. ಬಸ್ ಟೂರಲ್ಲಿ ಹಾಗಾಗಲ್ಲ, ಮೋಡ ಇದ್ದರೂ ಹತ್ತಿಸುತ್ತಾರೆ. ಲೂಸರ್ನ್ ಹತ್ತಿರದ ರಿಗಿ ಬೆಟ್ಟಕ್ಕಾದರೆ ಪಾಸ್‌ನಲ್ಲೇ ಹೋಗಬಹುದು.

ಐದು ಲಕ್ಷ? ಬಿಗಿ. ಆದರೆ ಒಂದು ಹೊತ್ತು ರೂಮಲ್ಲೇ ಬೇಯಿಸಿಕೊಂಡರೆ ಆಗುತ್ತೆ. ಕೋಪ್, ಮಿಗ್ರೋಸ್ ಅನ್ನೋ ಅಂಗಡಿಗಳಲ್ಲಿ ಅಕ್ಕಿ, ತರಕಾರಿ, ಮೊಸರು ಸಿಗುತ್ತೆ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ತಂದಿಡಿ. ನಲ್ಲಿ ನೀರು ಕುಡಿಯಬಹುದು, ಬಾಟಲಿಗೆ ದುಡ್ಡು ಹಾಕಬೇಡಿ. ಇನ್ನೊಂದು ಮಾತು, ಆ ಒಂದು ಹೊತ್ತಿನ ಅಡುಗೆ ಯಜಮಾನರದ್ದು. ಇದನ್ನು ಬೇಕಾದರೆ ಅವರಿಗೇ ಓದಿ ಹೇಳಿ.

ವೀಸಾ ವಿಷಯದಲ್ಲಿ ಬೆಳೆಗಾರರಿಗೆ ಒಂದು ಅನುಕೂಲ ಇದೆ, ಒಂದು ತೊಡಕೂ ಇದೆ. ಸ್ವಿಟ್ಜರ್ಲೆಂಡಿಗೆ ಬೇಕಾದದ್ದು ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾ, ಹೊರಡುವುದಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಶುಲ್ಕ ಒಬ್ಬರಿಗೆ 90 ಯೂರೋ, 2024ರ ಜೂನ್‌ನಿಂದ ಇಷ್ಟಾಗಿದೆ, ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಬೆರಳಚ್ಚು ಕೊಡೋಕೆ ಇಬ್ಬರೂ ಬೆಂಗಳೂರಿಗೆ ಹೋಗಲೇಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ ಖಾತೆ ಬರಿದಾಗಿರುತ್ತೆ, ಕಾಫಿ ಮಾರಿದ ಮೇಲೆ ತುಂಬುತ್ತೆ. ಅನುಕೂಲ ಅಂದಿದ್ದು ಇದನ್ನೇ: ದುಡ್ಡು ಖಾತೆಗೆ ಬಂದ ಮೇಲೆ, ಮಾರ್ಚ್ ಹೊತ್ತಿಗೆ ಅರ್ಜಿ ಹಾಕಿ. ಆದರೆ ಬೇಸಿಗೆಗೆ ಅಪಾಯಿಂಟ್‌ಮೆಂಟ್ ಬೇಗ ತುಂಬಿಹೋಗುತ್ತವೆ, ದಿನಾಂಕ ಮೊದಲೇ ಹಿಡಿದಿಡಿ. ತೊಡಕು ಏನಪ್ಪ ಅಂದರೆ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಕೂಡ ಕೇಳುತ್ತಾರೆ, ಕೃಷಿ ಆದಾಯ ಅಂತ ನಮ್ಮಲ್ಲಿ ಎಷ್ಟೋ ಜನ ಹಾಕಿಯೇ ಇರಲ್ಲ. ಹಾಕಿಲ್ಲದಿದ್ದರೆ ಅದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆದು, ಪಹಣಿಯನ್ನು ಇಂಗ್ಲಿಷಿಗೆ ಮಾಡಿಸಿ, ಕಾಫಿ ಮಾರಿದ ಬಿಲ್ಲುಗಳ ಜೊತೆ ಇಡಿ. ಯಾರೋ ಹೇಳಿದರು ಅಂತ ಅರ್ಜಿಗೆ ಮುಂಚೆ ಸಾಲ ತಂದು ಖಾತೆಗೆ ದೊಡ್ಡ ಮೊತ್ತ ಹಾಕಬೇಡಿ, ಅದು ಎದ್ದು ಕಾಣುತ್ತೆ.

ಏಜೆಂಟ್ ಹತ್ತಿರ ಪ್ಯಾಕೇಜ್ ತಗೊಂಡರೆ ಟಿಸಿಎಸ್ ಅಂತ ಒಂದಿಷ್ಟು ತೆರಿಗೆ ಮೊದಲೇ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ, ನಿಮ್ಮ ಪ್ಯಾನ್ ಲೆಕ್ಕಕ್ಕೆ ಜಮಾ ಆಗಿರುತ್ತೆ, ರಿಟರ್ನ್ ಹಾಕಿದರೆ ವಾಪಸ್ ಬರುತ್ತೆ. ಹಾಕದಿದ್ದರೆ ಅಲ್ಲೇ ಉಳಿಯಿತು.

ಇನ್ನು ವಿಯೆಟ್ನಾಂ. ಅದನ್ನು ಪೂರ್ತಿ ಕೈಬಿಡಬೇಡಿ. ಮುಂದಿನ ಯಾವುದಾದರೂ ಆಗಸ್ಟ್‌ಗೆ ಇಟ್ಟುಕೊಳ್ಳಿ, ಆಗ ಮಧ್ಯ ಭಾಗದ ಹೊಯ್ ಆನ್ ಕಡೆ ಮಳೆ ಕಡಿಮೆ. ಯಜಮಾನರಿಗಂತೂ ಅದು ತೀರ್ಥಯಾತ್ರೆ ಆಗಬಹುದು. ಮೆಣಸಿನ ರೇಟ್ ಬಿದ್ದಾಗಲೆಲ್ಲ ವಿಯೆಟ್ನಾಂನವರನ್ನು ಬೈಯುತ್ತೇವಲ್ಲ, ಆ ಮೆಣಸು, ಪ್ರಪಂಚದಲ್ಲೇ ಅತಿ ಹೆಚ್ಚು ಬೆಳೆಯುವ ಆ ರೊಬಸ್ಟಾ, ಎರಡೂ ಅಲ್ಲಿನ ಬುವಾನ್ ಮಾ ಥುಯೋಟ್ ಕಡೆಯ ಗುಡ್ಡಗಳಲ್ಲಿ ಕಾಣಸಿಗುತ್ತವೆ. ನಮ್ಮ ಹಾಗೆ ದಟ್ಟ ನೆರಳಿನ ಕೆಳಗಲ್ಲ, ಹೆಚ್ಚಿನ ಕಡೆ ಬಟಾಬಯಲಲ್ಲೇ ಗಿಡ, ಬೇಸಿಗೆ ಪೂರ್ತಿ ನೀರು ಹಾಯಿಸುತ್ತಾರೆ. ಬಾಬಾ ಬುಡನ್‌ಗಿರಿಗೆ ಕಾಫಿ ಬಂದು ಶತಮಾನಕ್ಕೂ ಮೇಲಾದ ಮೇಲೆ, 1857ರಲ್ಲಿ, ಫ್ರೆಂಚ್ ಪಾದ್ರಿಗಳು ಅಲ್ಲಿಗೆ ಗಿಡ ಒಯ್ದದ್ದು. ಈಗ ಎಲ್ಲಿದ್ದಾರೆ ನೋಡಿ. ಲೋಟದ ಮೇಲೆ ತಗಡಿನ ಪುಟ್ಟ ಫಿಲ್ಟರ್ ಕೂರಿಸಿ, ಕೆಳಗೆ ಗಟ್ಟಿ ಸಿಹಿ ಹಾಲು ಹಾಕಿ, ಹನಿ ಹನಿ ಡಿಕಾಕ್ಷನ್ ಇಳಿಯೋವರೆಗೆ ಕಾಯುತ್ತಾ ಕೂರುತ್ತಾರೆ.

ಹೊಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಮೀ ಸೋನ್‌ನಲ್ಲಿ ಚಂಪಾ ರಾಜರು ಇಟ್ಟಿಗೆಯಲ್ಲಿ ಕಟ್ಟಿಸಿದ ಶಿವ ದೇವಾಲಯಗಳಿವೆ. 2020ರಲ್ಲಿ ನಮ್ಮ ಪುರಾತತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುವಾಗ ಒಂಬತ್ತನೇ ಶತಮಾನದ ಶಿವಲಿಂಗ ಸಿಕ್ಕಿತು. ಹಳೇಬೀಡು ನೋಡಿ ಬೆಳೆದವರು ಇಲ್ಲಿ ಅರ್ಧ ದಿನ ಆರಾಮಾಗಿ ಕಳೆಯಬಹುದು. ಊಟಕ್ಕೆ ನಿಮಗೆ ಸ್ವಲ್ಪ ಎಚ್ಚರ ಬೇಕು, ತರಕಾರಿಗೂ ಮೀನಿನ ಸಾಸ್ ಹಾಕುವ ಊರು. 'ಚಾಯ್' ಅಂತ ಬೋರ್ಡ್ ಇರುವ ಹೋಟೆಲ್ ಶುದ್ಧ ಸಸ್ಯಾಹಾರಿ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಬೌದ್ಧರು ಮಾಂಸ ಬಿಡುವುದರಿಂದ ಆಗ ಇನ್ನೂ ಸುಲಭ. ದುಡ್ಡು ಕೊಡುವಾಗ ಸೊನ್ನೆ ಎಣಿಸಿ: 20,000 ಡಾಂಗ್ ನೋಟೂ ನೀಲಿ, 5,00,000ದ ನೋಟೂ ನೀಲಿ. ವೀಸಾ ಆನ್‌ಲೈನಲ್ಲೇ, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಸರ್ಕಾರದ್ದೇ ಅನ್ನಿಸುವಂಥ ನಕಲಿ ಸೈಟ್‌ಗಳು ಬೇಕಾದಷ್ಟಿವೆ, ಮಗಳನ್ನೇ ಕೂರಿಸಿ ಮಾಡಿಸಿ.

ಪ್ರಶ್ನೆ: ನಾವು ಅರಸೀಕೆರೆಯವರು. ಇಪ್ಪತ್ತನೇ ವಾರ್ಷಿಕೋತ್ಸವಕ್ಕೆ ನವೆಂಬರ್‌ನಲ್ಲಿ ದುಬೈಗೆ ತಮ್ಮನ ಮನೆಗೆ ಹೋಗಬೇಕು. ಆಧಾರ್‌ನಲ್ಲಿ ನನ್ನ ಹೆಸರು ಇನಿಷಿಯಲ್ ಸಮೇತ ಇದೆ. ಹೆಂಡತಿ ಓದಿದ್ದು ಏಳನೇ ಕ್ಲಾಸ್, ಅವಳ ಪಾಸ್‌ಪೋರ್ಟಲ್ಲಿ ಇಸಿಆರ್ ಅಂತ ಹಾಕುತ್ತಾರೆ, ಹೊರಗೆ ಬಿಡಲ್ಲ ಅಂತ ಯಾರೋ ಹೆದರಿಸಿದರು. ಮದುವೆ ಸರ್ಟಿಫಿಕೇಟೂ ಇಲ್ಲ.

ಉತ್ತರ: ಹೆದರಿಸಿದವರಿಗೆ ಅರ್ಧ ಗೊತ್ತು. ಹತ್ತನೇ ಕ್ಲಾಸ್ ಪಾಸಾಗದವರಿಗೆ ಇಸಿಆರ್, ಅಂದರೆ ಹೊರಡುವ ಮುಂಚೆ ಸರ್ಕಾರದ ಅನುಮತಿ ಬೇಕು ಅನ್ನುವ ಗುರುತು, ಬರುವುದು ನಿಜ. ಆದರೆ ಆ ಅನುಮತಿ ಬೇಕಾಗುವುದು ಯುಎಇ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ. ನೋಡಿಕೊಂಡು ಬರೋಕೆ ಹೋಗುವವರಿಗೆ ಬೇಡ. ವಾಪಸ್ ಟಿಕೆಟ್, ವೀಸಾ, ತಮ್ಮನ ವಿಳಾಸ ಹೆಂಡತಿಯ ಕೈಯಲ್ಲೂ ಒಂದು ಪ್ರತಿ ಇರಲಿ, ಕೌಂಟರ್‌ನಲ್ಲಿ ಕೇಳಿದರೆ ಅವರೇ ತೋರಿಸಲಿ. ಮದುವೆ ಸರ್ಟಿಫಿಕೇಟ್ ಪಾಸ್‌ಪೋರ್ಟಿಗೆ ಕಡ್ಡಾಯ ಅಲ್ಲ.

ನಿಜವಾದ ತಲೆನೋವು ನಿಮ್ಮ ಇನಿಷಿಯಲ್. ಪಾಸ್‌ಪೋರ್ಟಲ್ಲಿ ಬಿಡಿ ಅಕ್ಷರ ನಡೆಯಲ್ಲ, ಊರಿನ ಹೆಸರೋ ಅಪ್ಪನ ಹೆಸರೋ ಪೂರ್ತಿ ಬರೆಯಬೇಕು. ಮೊದಲು ಆಧಾರ್ ಸರಿಮಾಡಿಸಿ, ಆಮೇಲೆ ಅರ್ಜಿ. ಸರ್‌ನೇಮ್ ಕಾಲಂ ಖಾಲಿ ಬಿಡಬೇಡಿ. 2022ರ ನವೆಂಬರ್‌ನಿಂದ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ತಕರಾರು ತೆಗೆಯುತ್ತಿದೆ. ಟಿಕೆಟ್‌ನಲ್ಲೂ ಅಕ್ಷರ ಅಕ್ಷರ ಅದೇ ಇರಬೇಕು. ಇದಕ್ಕೆಲ್ಲ ಬೆಂಗಳೂರಿಗೆ ಓಡಬೇಕಿಲ್ಲ, ಹಾಸನದಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. 36 ಪುಟದ್ದಕ್ಕೆ ಶುಲ್ಕ 1,500 ರೂಪಾಯಿ, ಹತ್ತು ವರ್ಷ ನಡೆಯುತ್ತೆ. ಪೊಲೀಸ್ ವೆರಿಫಿಕೇಶನ್‌ಗೆ ಫೋನ್ ಬಂದಾಗ ಮನೆಯಲ್ಲಿರಿ, ಅಷ್ಟೇ.

ಪ್ರಶ್ನೆ: ಅಪ್ಪ ಅಮ್ಮನ ನಲವತ್ತನೇ ವರ್ಷಕ್ಕೆ ಹೇಳದೇ ಸಿಂಗಾಪುರಕ್ಕೆ ಕರೆದೊಯ್ಯುವ ಆಸೆ. ಅಮ್ಮನಿಗೆ ಮಂಡಿ ನೋವು. (ಹಾಸನ)

ಉತ್ತರ: ಹೇಳದೇ ಆಗಲ್ಲ. ಪಾಸ್‌ಪೋರ್ಟಿಗೆ, ವೀಸಾಕ್ಕೆ ಅವರ ಸಹಿಯೇ ಬೇಕು. ಅಲ್ಲದೆ ಅಮ್ಮಂದಿರಿಗೆ ಹೊರಡೋ ಮುಂಚಿನ ಎರಡು ತಿಂಗಳ ತಯಾರಿ, ಅಕ್ಕಪಕ್ಕದವರಿಗೆ ಹೇಳಿಕೊಳ್ಳುವ ಖುಷಿ ಇದೆಯಲ್ಲ, ಅದನ್ಯಾಕೆ ತಪ್ಪಿಸುತ್ತೀರಿ? ಗಾಲಿ ಕುರ್ಚಿ ಬೇಕು ಅಂತ ವಿಮಾನ ಕಂಪನಿಗೆ 48 ಗಂಟೆ ಮುಂಚೆಯೇ ಹೇಳಿಡಿ. ನಡೆಯೋಕೆ ಬರುತ್ತೆ ಅಂತ ಅಮ್ಮ ಬೇಡ ಅನ್ನುತ್ತಾರೆ, ಕೇಳಬೇಡಿ. ವೀಸಾ ಅಧಿಕೃತ ಏಜೆಂಟ್ ಮೂಲಕ. ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಲ್ಲಿ ತುಂಬುವ ಆಗಮನದ ಕಾರ್ಡ್ ಉಚಿತ, ದುಡ್ಡು ಕೇಳಿದರೆ ಅದು ಬೇರೆ ಯಾರದ್ದೋ ಸೈಟ್.

ಪ್ರಶ್ನೆ: ಕಾಫಿಪುಡಿ, ಚಟ್ನಿಪುಡಿ, ಸಾರಿನ ಪುಡಿ ಒಯ್ಯಬಹುದಾ? (ಚಿಕ್ಕಮಗಳೂರು)

ಉತ್ತರ: ಒಯ್ಯಿರಿ, ಫಿಲ್ಟರ್ ಸಮೇತ. ಆದರೆ ಕೈಚೀಲದಲ್ಲಿ ಬೇಡ, ದೊಡ್ಡ ಸೂಟ್‌ಕೇಸಿಗೆ ಹಾಕಿ. ಮಾತ್ರೆಗಳು ಮಾತ್ರ ಚೀಟಿ ಸಮೇತ ಕೈಚೀಲದಲ್ಲೇ ಇರಲಿ. ಯುರೋಪಿಗಾದರೆ ತುಪ್ಪ, ಪೇಡ, ಹಾಲಿನ ಸಿಹಿ ಯಾವುದೂ ಬೇಡ, ಹಾಲಿನ ಪದಾರ್ಥ ಒಳಗೆ ಬಿಡಲ್ಲ. ಒಣ ಕೊಬ್ಬರಿ ಗಿಟುಕನ್ನು ವಿಮಾನದಲ್ಲೇ ಬಿಡಲ್ಲ, ಎಣ್ಣೆ ಅಂಶಕ್ಕೆ ಬೆಂಕಿ ಹಿಡಿಯಬಹುದು ಅಂತ. ಅರಸೀಕೆರೆಯವರು ಇದನ್ನು ಎರಡು ಸಲ ಓದಿಕೊಳ್ಳಿ. ದುಬೈಗೆ, ಸಿಂಗಾಪುರಕ್ಕೆ ಹೋಗುವವರು ಮಸಾಲೆ ಪುಡಿಗೆ ಗಸಗಸೆ ಹಾಕಿದ್ದೀರಾ ಅಂತ ನೋಡಿ. ಎರಡೂ ಕಡೆ ಗಸಗಸೆ ನಿಷೇಧ. ಹಾಕಿದ್ದರೆ ಆ ಡಬ್ಬಿ ಮನೆಯಲ್ಲೇ ಇರಲಿ.