ಮಾತ್ರೆ ಶುರು ಮಾಡಿ ಅಂತ ಶಾಲೆ ಹೇಳಬಹುದಾ?

ಪ್ರಶ್ನೆ: ಮೇಡಂ, ನಾವು ಅಮೆರಿಕದಲ್ಲಿದ್ದೇವೆ. ಮಗನಿಗೆ ಏಳು ವರ್ಷ, ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು. ಒಂದು ಕಡೆ ಕೂರುವುದಿಲ್ಲ, ಪಾಠದ ಮಧ್ಯೆ ಮಾತಾಡುತ್ತಾನೆ ಅಂತ ವಾರಕ್ಕೆ ಎರಡು ಸಲ ಫೋನ್ ಬರುತ್ತದೆ. ಮೊನ್ನೆ ಮೀಟಿಂಗ್‌ಗೆ ಕರೆದರು. ಅವರು ಐದು ಜನ, ನಾನೊಬ್ಬಳೇ. ‘ಇವನಿಗೆ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿಯಾಗಿ ಚಟುವಟಿಕೆಯಿರುವ ತೊಂದರೆ) ಇದೆ, ಮಾತ್ರೆ ಶುರು ಮಾಡಿಸಿ, ಇಲ್ಲದಿದ್ದರೆ ಈ ಕ್ಲಾಸಿನಲ್ಲಿ ಇಟ್ಟುಕೊಳ್ಳುವುದು ಕಷ್ಟ’ ಅಂದರು. ನಮ್ಮ ಯಜಮಾನರು ಸುಮ್ನೆ ಕೊಟ್ಟುಬಿಡೋಣ ಅನ್ನುತ್ತಾರೆ. ಬೇಡ ಅನ್ನುವ ಹಕ್ಕು ನನಗಿದೆಯಾ?
– ಹೆಸರು ಹಾಕಬೇಡಿ

ಉತ್ತರ: ಇದೆ. ಅಲ್ಲಿನ ವಿಶೇಷ ಶಿಕ್ಷಣದ ಕಾಯ್ದೆಗೆ ಐಡಿಇಎ ಅನ್ನುತ್ತಾರೆ. 2004ರಲ್ಲಿ ಅದನ್ನು ತಿದ್ದಿದಾಗ ನಿಮ್ಮಂಥ ತಂದೆತಾಯಿಗಳಿಗಾಗಿಯೇ ಒಂದು ಮಾತು ಸೇರಿಸಿದರು. ಮಾತ್ರೆ ತಗೊಂಡರೆ ಮಾತ್ರ ಶಾಲೆಗೆ ಬರಲಿ, ತಗೊಂಡರೆ ಮಾತ್ರ ಮಗುವನ್ನು ಪರೀಕ್ಷಿಸುತ್ತೇವೆ, ತಗೊಂಡರೆ ಮಾತ್ರ ವಿಶೇಷ ನೆರವು ಕೊಡುತ್ತೇವೆ ಅಂತ ಶಾಲೆಯವರು ಷರತ್ತು ಹಾಕುವಂತಿಲ್ಲ. ಈ ನಿಯಮ ಇರುವುದು ರಿಟಾಲಿನ್, ಆ್ಯಡರಾಲ್ ತರಹದ, ಸರ್ಕಾರ ಬಿಗಿಯಾಗಿ ನಿಯಂತ್ರಿಸುವ ಮದ್ದುಗಳಿಗೆ. ಎಡಿಎಚ್‌ಡಿಗೆ ಮೊದಲು ಬರೆಯುವುದು ಹೆಚ್ಚಾಗಿ ಅವನ್ನೇ.

ಆದರೆ ಟೀಚರ್ ಬಾಯಿ ಮುಚ್ಚಿಕೊಂಡಿರಬೇಕು ಅಂತಲ್ಲ. ಕ್ಲಾಸಿನಲ್ಲಿ ಏನು ಕಂಡೆ ಅಂತ ಅವರು ಹೇಳಬಹುದು, ಹೇಳಬೇಕು ಕೂಡ. ‘ಹತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡುತ್ತಾನೆ’ ಅನ್ನುವುದು ಕಂಡ ಮಾತು. ‘ಇವನಿಗೆ ಎಡಿಎಚ್‌ಡಿ ಇದೆ, ಮಾತ್ರೆ ಕೊಡಿ’ ಅನ್ನುವುದು ಡಾಕ್ಟರ್ ಹೇಳಬೇಕಾದ ಮಾತು. ಡಾಕ್ಟರ್ ಕೂಡ ಬರೀ ಶಾಲೆಯ ದೂರು ಕೇಳಿ ಹಾಗೆ ಹೇಳುವಂತಿಲ್ಲ. ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇರಬೇಕು, ಒಂದಕ್ಕಿಂತ ಜಾಸ್ತಿ ಕಡೆ, ಅಂದರೆ ಶಾಲೆಯಲ್ಲೂ ಮನೆಯಲ್ಲೂ ಕಾಣಬೇಕು. ಮನೆಯಲ್ಲಿ ಅವನು ಹೇಗಿದ್ದಾನೆ ಅಂತ ನೀವು ಒಂದು ಮಾತೂ ಬರೆದಿಲ್ಲ, ಅಲ್ವಾ? ಆ ಮೀಟಿಂಗ್‌ನಲ್ಲಿ ಅವರೂ ಕೇಳಿದಂತಿಲ್ಲ.

ಇನ್ನೂ ಕೆಲವು ವಿಷಯ ನೋಡಿ. ರಾತ್ರಿ ಗೊರಕೆ ಹೊಡೆಯುತ್ತಾನಾ? ನಿದ್ದೆ ಸರಿಯಾಗಿ ಆಗದ ಮಗು ಹಗಲಲ್ಲಿ ತೂಕಡಿಸುವ ಬದಲು ಕುಣಿದಾಡುವುದೇ ಜಾಸ್ತಿ. ಕಣ್ಣು, ಕಿವಿ ಪರೀಕ್ಷೆ ಆಗಿದೆಯಾ? ಕ್ಲಾಸಿನಲ್ಲಿ ಅವನೇ ಎಲ್ಲರಿಗಿಂತ ಚಿಕ್ಕವನಾ? ಒಂದೇ ಕ್ಲಾಸಿನಲ್ಲಿ ವಯಸ್ಸಿನಲ್ಲಿ ಚಿಕ್ಕವರಾದ ಮಕ್ಕಳಿಗೆ ಈ ಹಣೆಪಟ್ಟಿ ಹೆಚ್ಚಾಗಿ ಬೀಳುತ್ತದೆ ಅನ್ನುವುದು ಬೇರೆ ಬೇರೆ ದೇಶಗಳಲ್ಲಿ ಕಂಡುಬಂದಿದೆ. ಹತ್ತು ಹನ್ನೊಂದು ತಿಂಗಳ ಅಂತರ ನಮಗೆ ಏನೂ ಅಲ್ಲ, ಏಳು ವರ್ಷದ ಮಗುವಿಗೆ ಅದು ತುಂಬಾ ದೊಡ್ಡದು.

ನಾನು ಮಾತ್ರೆಯ ವಿರೋಧಿಯಲ್ಲ, ಇದನ್ನು ನಿಮ್ಮ ಯಜಮಾನರಿಗೂ ಹೇಳಿ. ನಿಜವಾಗಿ ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಅದರಿಂದ ತುಂಬಾ ಅನುಕೂಲವಾಗುತ್ತದೆ. ಹಸಿವು ಕಡಿಮೆಯಾಗಬಹುದು, ನಿದ್ದೆ ಕೆಡಬಹುದು, ಹಾಗಾಗಿ ಡಾಕ್ಟರ್ ತೂಕ, ಎತ್ತರ ನೋಡುತ್ತಲೇ ಇರಬೇಕು. ಆದರೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ ಆರು ವರ್ಷ ದಾಟಿದ ಮಕ್ಕಳಿಗೆ ಬರೀ ಮಾತ್ರೆ ಸಾಕು ಅನ್ನುವುದಿಲ್ಲ. ಅದರ ಜೊತೆಗೆ ನಡವಳಿಕೆಯ ತರಬೇತಿ ಇರಬೇಕು, ಶಾಲೆಯ ನೆರವೂ ಇರಬೇಕು ಅನ್ನುತ್ತದೆ. ಅಂದರೆ ಮಾತ್ರೆ ಕೊಟ್ಟರೂ ಶಾಲೆ ಮಾಡಬೇಕಾದ ಕೆಲಸ ಹಾಗೇ ಇರುತ್ತದೆ.

ಆ ಕೆಲಸವನ್ನು ಈಗಲೇ ಕೇಳಿ, ಬರವಣಿಗೆಯಲ್ಲಿ ಕೇಳಿ. ‘ನನ್ನ ಮಗನಿಗೆ ವಿಶೇಷ ಶಿಕ್ಷಣದ ನೆರವು ಬೇಕಾ ಅಂತ ಪೂರ್ತಿ ಪರೀಕ್ಷಿಸಿ’ ಅಂತ ದಿನಾಂಕ ಹಾಕಿ ಇಮೇಲ್ ಕಳಿಸಿ. ಆಗುವುದಿಲ್ಲ ಅನ್ನುವುದಾದರೆ ಕಾರಣವನ್ನು ಅವರೂ ಬರೆದೇ ಕೊಡಬೇಕು. ಒಪ್ಪಿದರೆ, ನೀವು ಸಹಿ ಹಾಕಿದ ಮೇಲೆ 60 ದಿನದೊಳಗೆ ಪರೀಕ್ಷೆ ಮುಗಿಸಬೇಕು. ಕೆಲವು ರಾಜ್ಯಗಳಲ್ಲಿ ಈ ಗಡುವು ಬೇರೆ ಇದೆ. ಫಲಿತಾಂಶ ಸರಿಯಿಲ್ಲ ಅನ್ನಿಸಿದರೆ ಹೊರಗಿನ ತಜ್ಞರಿಂದ ಇನ್ನೊಮ್ಮೆ ಮಾಡಿಸಿ ಅಂತ ಕೇಳಬಹುದು. ಆಗ ಶಾಲಾ ಜಿಲ್ಲೆ, ಅಂದರೆ ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ, ಅದರ ಖರ್ಚು ಕೊಡಬೇಕು, ಇಲ್ಲವೇ ತನ್ನ ಪರೀಕ್ಷೆಯೇ ಸರಿ ಅಂತ ವಿಚಾರಣೆಯಲ್ಲಿ ತೋರಿಸಬೇಕು. ವಿಶೇಷ ಶಿಕ್ಷಣಕ್ಕೆ ಅರ್ಹನಲ್ಲ ಅಂದರೂ, ಅಂಗವಿಕಲರಿಗೆ ತಾರತಮ್ಯ ಮಾಡಬಾರದು ಅನ್ನುವ ಬೇರೆ ಕಾನೂನಿನ 504ನೇ ಸೆಕ್ಷನ್ ಅಡಿ ಮುಂದಿನ ಸಾಲಿನ ಜಾಗ, ನಡುನಡುವೆ ಓಡಾಡಲು ಬಿಡುವು, ಕೆಲಸವನ್ನು ಚಿಕ್ಕ ಚಿಕ್ಕದಾಗಿ ಕೊಡುವುದು, ಇಂಥವನ್ನು ಕೇಳಬಹುದು.

ಹಾಗೇ ಮೀಟಿಂಗ್‌ನಲ್ಲಿ ಅವರು ಬಾಯಲ್ಲಿ ಹೇಳಿದ್ದನ್ನು ಇವತ್ತೇ ಇಮೇಲ್ ಮಾಡಿ: ‘ಮಾತ್ರೆ ಕೊಡದಿದ್ದರೆ ಈ ಕ್ಲಾಸಿನಲ್ಲಿ ಇಟ್ಟುಕೊಳ್ಳುವುದು ಕಷ್ಟ ಅಂದಿರಿ, ನಾನು ಅರ್ಥ ಮಾಡಿಕೊಂಡಿದ್ದು ಸರಿಯಾ?’ ಹೌದು ಅಂತ ಬರೆದುಕೊಡಲು ಯಾರೂ ಮುಂದೆ ಬರುವುದು ಕಷ್ಟ.

ಮುಂದಿನ ಸಲ ಒಬ್ಬರೇ ಹೋಗಬೇಡಿ. ಯಜಮಾನರನ್ನು ಕರೆದುಕೊಂಡು ಹೋಗಿ. ಪ್ರತಿ ರಾಜ್ಯದಲ್ಲೂ ಐಡಿಇಎ ಕಾಯ್ದೆಯ ಹಣದಿಂದ ನಡೆಯುವ ಪೋಷಕರ ತರಬೇತಿ ಮತ್ತು ಮಾಹಿತಿ ಕೇಂದ್ರ ಇದೆ. ಮಗನನ್ನು ಪರೀಕ್ಷಿಸಿ ಅಂತ ಕೇಳುವ ಪತ್ರ ಹೇಗೆ ಬರೆಯಬೇಕು, ಮೀಟಿಂಗ್‌ನಲ್ಲಿ ಏನು ಕೇಳಬೇಕು ಅಂತ ಅವರನ್ನು ವಿಚಾರಿಸಿ. ಪತ್ರ ಕಳಿಸುವ ಮೊದಲೇ ಅಲ್ಲಿಗೆ ಫೋನ್ ಮಾಡಿ.