ವೈಪರ್ ನಿಂತ ಮಾತ್ರಕ್ಕೆ ಮೋಟಾರೇ ಹೋಗಿದೆ ಅಂತಲ್ಲ

ಪ್ರಶ್ನೆ: ನಂದು ಹಳೇ ಕಾರು ಸರ್. ದುರ್ಗದಿಂದ ವಾಪಸ್ ಬರುವಾಗ ಭರಮಸಾಗರದ ಹತ್ರ ಜೋರು ಮಳೆ ಹಿಡ್ಕೊಳ್ತು, ವೈಪರ್ ಹಾಕಿದ್ರೆ ತೆವಳ್ಕೊಂಡು ಹೋಗಿ ಗ್ಲಾಸ್ ಮಧ್ಯದಲ್ಲೇ ನಿಂತ್ಬಿಡ್ತು. ಸೈಡಿಗೆ ಹಾಕಿ ಟೀ ಕುಡ್ದು ಬಂದ್ಮೇಲೆ ಸ್ವಲ್ಪ ಹೊತ್ತು ಓಡ್ತು, ಆಮೇಲೆ ಮತ್ತೆ ಅದೇ ಕತೆ. ಗ್ಯಾರೇಜಿನವ್ರು ಮೋಟಾರ್ ಚೇಂಜ್ ಮಾಡ್ಬೇಕು ಅಂತಾರೆ. ಮನೇಲೇ ಹಾಕ್ಕೋಬಹುದಾ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಹಾಕ್ಕೋಬಹುದು, ಸ್ಪ್ಯಾನರ್ ಹಿಡಿದು ಅಭ್ಯಾಸ ಇದ್ರೆ ಸಾಕು. ಆದ್ರೆ ಹೊಸ ಮೋಟಾರ್ ತರೋಕೆ ಮುಂಚೆ ಸ್ವಲ್ಪ ತಡೀರಿ. ಟೀ ಕುಡ್ದು ಬರೋಷ್ಟರಲ್ಲಿ ಮತ್ತೆ ಓಡ್ತು ಅಂದ್ರಲ್ಲ, ಅದೇ ಸುಳಿವು. ತುಂಬಾ ಮೋಟಾರುಗಳ ಒಳಗೆ ಬಿಸಿ ಜಾಸ್ತಿ ಆದ್ರೆ ಕಟ್ ಆಗಿ ತಣ್ಣಗಾದ್ಮೇಲೆ ತಾನೇ ಹಿಡ್ಕೊಳ್ಳೋ ಸಣ್ಣ ಬ್ರೇಕರ್ ಇರುತ್ತೆ, ಫ್ಯೂಸ್ ಹೋಗಿದ್ರೆ ಹಂಗೆ ವಾಪಸ್ ಬರಲ್ಲ. ಅಂದ್ರೆ ಮೋಟಾರ್ ಸವೆದಿರಬೇಕು, ಇಲ್ಲಾ ಅದು ಎಳೆಯೋ ಲಿಂಕೇಜ್ (ಮೋಟಾರಿಂದ ವೈಪರ್ ಕಡ್ಡಿಗೆ ಹೋಗೋ ಸರಳುಗಳು) ಬಿಗಿಯಾಗಿರಬೇಕು. ನನಗೆ ಎರಡನೇದರ ಮೇಲೇ ಅನುಮಾನ ಜಾಸ್ತಿ, ಯಾಕಂದ್ರೆ ನಮ್ಮ ಕಡೆ ಮಳೆನೇ ಕಮ್ಮಿ, ವೈಪರ್ ತಿಂಗಳುಗಟ್ಲೆ ಸುಮ್ನೆ ಮಲಗಿರುತ್ತೆ, ಅಷ್ಟರಲ್ಲಿ ಕಡ್ಡಿ ಕೂರೋ ತಿರುಗೋ ಗೂಟ, ಅಂದ್ರೆ ಸ್ಪಿಂಡಲ್ಲಿನ ಗ್ರೀಸ್ ಒಣಗಿ ಧೂಳು ಸೇರಿ ತುಕ್ಕು ಹಿಡಿದಿರುತ್ತೆ.

ನೋಡೋದು ಹೇಗೆ ಅಂದ್ರೆ, ಮೊದ್ಲು ಬ್ಯಾಟರಿ ನೆಗೆಟಿವ್ ಬಿಚ್ಚಿ. ವೈಪರ್ ಕಡ್ಡಿ ನಿಂತಿರೋ ಜಾಗಕ್ಕೆ ಗ್ಲಾಸ್ ಮೇಲೆ ಟೇಪ್ ಅಂಟಿಸಿ, ಅದು ಮಧ್ಯದಲ್ಲೇ ನಿಂತಿದ್ರೆ ಕೆಳಗೆ ಬಂದು ಮಲಗೋ ಜಾಗಕ್ಕೆ. ಕಡ್ಡಿಯ ನಟ್ ಬಿಚ್ಚಿದ್ಮೇಲೂ ಅದು ಬರಲ್ಲ, ಸ್ಪಿಂಡಲ್ಲಿನ ಹಲ್ಲಿಗೆ ಕಚ್ಕೊಂಡಿರುತ್ತೆ, ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಆ ಕಡೆ ಈ ಕಡೆ ಅಲ್ಲಾಡಿಸ್ತಾ ಎತ್ತಬೇಕು, ಸ್ಕ್ರೂಡ್ರೈವರ್ ಕೊಟ್ಟು ಮೀಟಿದ್ರೆ ಗ್ಲಾಸಿಗೆ ಕಷ್ಟ. ಕೆಳಗಿನ ಕಪ್ಪು ಪ್ಲಾಸ್ಟಿಕ್ ಕವರಿನ ಕ್ಲಿಪ್ಪು ನಮ್ಮ ಬಿಸಿಲಿಗೆ ಹಪ್ಪಳ ಆಗಿರ್ತವೆ, ಮೆಲ್ಲಗೆ ಬಿಚ್ಚಿ. ಈಗ ಮೋಟಾರ್ ಮೇಲಿನ ಕ್ರ್ಯಾಂಕ್ (ಲಿಂಕೇಜನ್ನ ತಿರುಗಿಸೋ ಸಣ್ಣ ತೋಳು) ವೈಪರ್ ಕೆಳಗೆ ಮಲಗಿರುವಾಗ ಯಾವ ದಿಕ್ಕಿಗಿರುತ್ತೆ ಅಂತ ಗುರ್ತು ಹಾಕ್ಕೊಂಡು ಅದನ್ನ ಬಿಚ್ಚಿ, ನಟ್ ತಿರುಗಿಸುವಾಗ ಕ್ರ್ಯಾಂಕನ್ನ ಇನ್ನೊಂದು ಸ್ಪ್ಯಾನರಲ್ಲಿ ಗಟ್ಟಿ ಹಿಡ್ಕೊಳ್ಳಿ, ಇಲ್ಲಾಂದ್ರೆ ಒತ್ತಡ ಎಲ್ಲಾ ಒಳಗಿನ ಗೇರಿನ ಮೇಲೆ ಬೀಳುತ್ತೆ, ಎಷ್ಟೋ ಮೋಟಾರಲ್ಲಿ ಅದು ಪ್ಲಾಸ್ಟಿಕ್ಕಿಂದೇ. ಕೈ ದೂರ ತೆಗೆದು ಬ್ಯಾಟರಿ ಹಾಕಿ ಸ್ವಿಚ್ ಕೊಡಿ. ಬರೀ ಮೋಟಾರ್ ಜುಯ್ ಅಂತ ಸಲೀಸಾಗಿ ತಿರುಗಿದ್ರೆ ಅದು ಚೆನ್ನಾಗಿದೆ, ಲಿಂಕೇಜ್ ಕೈಯಲ್ಲಿ ತಿರುಗಿಸಿ ನೋಡಿ, ಬಿಗಿ ಇದ್ರೆ ಸ್ಪಿಂಡಲ್ ಕ್ಲೀನ್ ಮಾಡಿ ಗ್ರೀಸ್ ಹಾಕಿ, ದುಡ್ಡು ಉಳೀತು. ಬರೀ ಮೋಟಾರೂ ತೆವಳಿದ್ರೆ ಕನೆಕ್ಟರಲ್ಲಿ 12 ವೋಲ್ಟ್ ಬರ್ತಿದ್ಯಾ, ಅರ್ಥ್ ವೈರ್ (ಕಾರಿನ ಬಾಡಿಗೆ ಹೋಗೋದು) ಲೂಸ್ ಇದ್ಯಾ ನೋಡ್ಕೊಂಡು ಆಮೇಲೆ ಅಂಗಡಿಗೆ ಹೋಗಿ, ಹಳೇದನ್ನ ಕೈಯಲ್ಲೇ ಹಿಡ್ಕೊಂಡು ಹೋಗಿ ಪಾರ್ಟ್ ನಂಬರ್, ಕನೆಕ್ಟರ್ ಪಿನ್ ಎರಡೂ ತಾಳೆ ಹಾಕಿ.

ಹೊಸದನ್ನ ಹಾಕುವಾಗ ಜನ ಎಡವೋದು ಒಂದೇ ಕಡೆ. ಕ್ರ್ಯಾಂಕ್ ಹಾಕೋಕೆ ಮುಂಚೆ ಮೋಟಾರಿಗೆ ಕನೆಕ್ಟರ್ ಕೊಟ್ಟು ಒಂದ್ಸಲ ಸ್ವಿಚ್ ಆನ್ ಮಾಡಿ ಆಫ್ ಮಾಡಿ, ಅದು ತಾನಾಗೇ ಪಾರ್ಕ್ ಜಾಗಕ್ಕೆ (ಆಫ್ ಮಾಡಿದಾಗ ನಿಲ್ಲಬೇಕಾದ ಜಾಗಕ್ಕೆ) ಬಂದು ನಿಲ್ಲುತ್ತೆ, ಆಮೇಲೆ ಗುರ್ತು ನೋಡಿ ಕ್ರ್ಯಾಂಕ್, ಕೊನೆಗೆ ಟೇಪ್ ಗುರ್ತಿಗೆ ಕಡ್ಡಿ. ಇದನ್ನ ಬಿಟ್ರೆ ಆಫ್ ಮಾಡಿದಾಗ ವೈಪರ್ ಡ್ರೈವರ್ ಕಣ್ಣೆದುರಿಗೇ ನೆಟ್ಟಗೆ ನಿಲ್ಲುತ್ತೆ. ಟೆಸ್ಟ್ ಮಾಡುವಾಗ ಗ್ಲಾಸಿಗೆ ನೀರು ಹಾಕಿ.

ಪ್ರಶ್ನೆ: ಹೊಸ ಬ್ಲೇಡ್ ಹಾಕಿದ್ರೂ ಕರಕರ ಸೌಂಡ್ ಬರುತ್ತೆ, ಮೋಟಾರ್ ವೀಕ್ ಆಗಿದ್ಯಾ?
– ಚಿತ್ರದುರ್ಗದಿಂದ ಒಬ್ಬರು

ಉತ್ತರ: ಮೋಟಾರ್ ಮುಟ್ಟಬೇಡ್ರಿ. ಗ್ಲಾಸ್ ಮೇಲೆ ಎಣ್ಣೆ ಜಿಡ್ಡು ಕೂತಿರುತ್ತೆ, ಶಾಂಪೂ ನೀರಲ್ಲಿ ಚೆನ್ನಾಗಿ ತಿಕ್ಕಿ ತೊಳೀರಿ. ಆಮೇಲೂ ಹೋಗದಿದ್ರೆ ಕಡ್ಡಿ ಸೊಟ್ಟಗಾಗಿ ರಬ್ಬರ್ ಓರೆಯಾಗಿ ಕೂತಿದ್ಯಾ ನೋಡಿ. ಧೂಳು ಕೂತಿರೋ ಒಣ ಗ್ಲಾಸ್ ಮೇಲೆ ಮಾತ್ರ ವೈಪರ್ ಹಾಕ್ಲೇಬೇಡಿ, ಗೀರು ಬಿದ್ರೆ ರಾತ್ರಿ ಹೈವೇಲಿ ಎದುರಿನ ಲಾರಿ ಲೈಟಿಗೆ ಏನೂ ಕಾಣಲ್ಲ.