ಫಿಕ್ಸ್‌ಚರ್ ಮಾಡಿದವರು ಎಂಬಿಎ ಓದಬೇಕೆ?

ಓದು-ಉದ್ಯೋಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಐದು ವರ್ಷಗಳಿಂದ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೇನೆ. ಲೋಹ ಕತ್ತರಿಸುವ ವಿಎಂಸಿ ಯಂತ್ರಕ್ಕೆ ನಾನೇ ಒಂದು ಫಿಕ್ಸ್‌ಚರ್ (ಬಿಡಿಭಾಗವನ್ನು ಅಲುಗದಂತೆ ಹಿಡಿದಿಡುವ ಸಾಧನ) ಮಾಡಿದೆ. ಜಾಬ್, ಅಂದರೆ ಯಂತ್ರಕ್ಕೆ ಹಾಕುವ ಬಿಡಿಭಾಗ, ಬದಲಾಯಿಸುವಾಗ ಸೆಟ್ಟಿಂಗ್‌ಗೆ ಹಿಡಿಯುತ್ತಿದ್ದ 40 ನಿಮಿಷ 12ಕ್ಕೆ ಇಳಿಯಿತು. ದಿನಕ್ಕೆ ಮೂರು ಸಲವಾದರೂ ಜಾಬ್ ಬದಲಾಗುತ್ತದೆ. ಮಾಲೀಕರು ಚೆನ್ನಾಗಿದೆ ಎಂದರೇ ಹೊರತು ಉಳಿದ ಯಂತ್ರಗಳಿಗೆ ಮಾಡಿಸಲಿಲ್ಲ. ಎಂಬಿಎ ಪಠ್ಯಕ್ರಮಗಳಲ್ಲಿ ‘ಇನೊವೇಶನ್ ಮತ್ತು ಟೆಕ್ನಾಲಜಿ ಮ್ಯಾನೇಜ್‌ಮೆಂಟ್’ ಎಂಬ ವಿಷಯವನ್ನು ಕಂಡೆ. ಅದರಲ್ಲಿ ಏನು ಕಲಿಸುತ್ತಾರೆ? ನನ್ನಂಥವನಿಗೆ ಉಪಯೋಗವಿದೆಯೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿರುವ ಲೆಕ್ಕವನ್ನೇ ಮೊದಲು ಮುಂದುವರಿಸೋಣ. ಒಂದು ಸಲಕ್ಕೆ 28 ನಿಮಿಷ, ದಿನಕ್ಕೆ ಮೂರು ಸಲ, ತಿಂಗಳಿಗೆ 25 ಕೆಲಸದ ದಿನ ಎಂದು ಹಿಡಿದರೆ ತಿಂಗಳಿಗೆ 35 ಗಂಟೆ ಉಳಿಯುತ್ತದೆ. ಯಂತ್ರದ ಗಂಟೆಯ ದರ 600 ರೂಪಾಯಿ ಎಂದುಕೊಂಡರೂ 21,000 ರೂಪಾಯಿ. ಹೀಗೆ ಹೇಳಿದರೆ ಯಾವ ಮಾಲೀಕರಾದರೂ ಒಪ್ಪಬೇಕಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ಉಳಿದ ಆ 35 ಗಂಟೆಗೆ ಹಾಕಲು ಬೇರೆ ಕೆಲಸ ಕೈಯಲ್ಲಿಲ್ಲದಿದ್ದರೆ ಯಂತ್ರ ಸುಮ್ಮನೆ ನಿಲ್ಲುತ್ತದೆ, ಆ 21,000 ರೂಪಾಯಿ ಕಾಗದದ ಮೇಲಷ್ಟೇ ಇರುತ್ತದೆ. ನಿಮ್ಮ ಮಾಲೀಕರು ಇದನ್ನು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಲೆಕ್ಕ ಹಾಕಿರುವ ಸಾಧ್ಯತೆ ಹೆಚ್ಚು. ಹಾಗಾದರೆ ನಿಮ್ಮ ಫಿಕ್ಸ್‌ಚರ್‌ಗೆ ಬೆಲೆಯೇ ಇಲ್ಲವೇ? ಇದೆ, ಅದು ಬೇರೆ ಕಡೆ ಇದೆ. ಸೆಟ್ಟಿಂಗ್‌ಗೆ 40 ನಿಮಿಷ ಹೋಗುತ್ತದೆ ಎಂಬ ಕಾರಣಕ್ಕೆ ಇಪ್ಪತ್ತು-ಮೂವತ್ತು ಪೀಸುಗಳ ಸಣ್ಣ ಲಾಟುಗಳನ್ನು ನಿಮ್ಮ ಕಾರ್ಖಾನೆ ಇಷ್ಟು ದಿನ ಬೇಡವೆನ್ನುತ್ತಿದ್ದರೆ, ಇನ್ನು ಮುಂದೆ ಅಂಥವಕ್ಕೂ ಕೊಟೇಶನ್ ಕೊಡಬಹುದು. ಮಾಲೀಕರ ಮುಂದೆ ಇಡಬೇಕಾದದ್ದು ಉಳಿದ ನಿಮಿಷಗಳ ಪಟ್ಟಿಗಿಂತ ಹೆಚ್ಚಾಗಿ ಕಳೆದ ವರ್ಷ ಕೈಬಿಟ್ಟ ಆರ್ಡರ್‌ಗಳ ಪಟ್ಟಿ.

ನೀವು ಕೇಳಿದ ವಿಷಯದಲ್ಲಿ ಕಲಿಸುವುದು ಬಹುಮಟ್ಟಿಗೆ ಇದನ್ನೇ: ಹೊಸದೊಂದರಿಂದ ಲಾಭ ಯಾರಿಗೆ, ಹಣ ಕೊಡುವವರು ಯಾರು, ಅದನ್ನು ಜನ ಯಾಕೆ ಒಪ್ಪುತ್ತಾರೆ ಅಥವಾ ಯಾಕೆ ಒಪ್ಪುವುದಿಲ್ಲ. ಈ ಕೊನೆಯ ಪ್ರಶ್ನೆಗೆ ದೊಡ್ಡ ಅಧ್ಯಯನ ಪರಂಪರೆಯೇ ಇದೆ, ಮತ್ತು ಅದರ ಬೇರು ಕೃಷಿಯಲ್ಲಿದೆ ಎಂಬುದು ನಮ್ಮವರಿಗೆ ಹಿಡಿಸುವ ಸಂಗತಿ. ಅಮೆರಿಕದ ಅಯೋವಾ ರಾಜ್ಯದಲ್ಲಿ ರಯನ್ ಮತ್ತು ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಹೈಬ್ರಿಡ್ ಮೆಕ್ಕೆಜೋಳದ ಬೀಜವನ್ನು ರೈತರು ಹೇಗೆ ಕೈಗೆತ್ತಿಕೊಂಡರು ಎಂಬುದನ್ನು ಮನೆಮನೆಗೆ ಹೋಗಿ ಕೇಳಿ 1943ರಲ್ಲಿ ಪ್ರಕಟಿಸಿದರು. ಇಳುವರಿ ಹೆಚ್ಚೆಂದು ಗೊತ್ತಿದ್ದರೂ ಹೆಚ್ಚಿನವರು ಮೊದಲು ಒಂದು ಸಣ್ಣ ಭಾಗದಲ್ಲಿ ಬಿತ್ತಿ ನೋಡಿ, ನೆರೆಯವರ ಹೊಲ ನೋಡಿ, ಕೆಲವು ವರ್ಷ ಕಳೆದ ಮೇಲೆಯೇ ಪೂರ್ತಿಯಾಗಿ ಬದಲಾದರು. ಅದೇ ರಾಜ್ಯದಿಂದ ಬಂದ ಎವರೆಟ್ ರೋಜರ್ಸ್ 1962ರಲ್ಲಿ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ, ಹೊಸದು ಹರಡುವುದಕ್ಕೆ ಐದು ಗುಣಗಳು ಮುಖ್ಯವೆಂದರು: ಹಳೆಯದಕ್ಕಿಂತ ಮೇಲಾಗಿರುವುದು, ಈಗಿನ ರೂಢಿಗೆ ಹೊಂದುವುದು, ಸರಳವಾಗಿರುವುದು, ಸಣ್ಣದಾಗಿ ಪ್ರಯೋಗಿಸಿ ನೋಡಲು ಬರುವುದು, ಫಲ ನಾಲ್ಕು ಜನರ ಕಣ್ಣಿಗೆ ಬೀಳುವುದು. ನಿಮ್ಮ ಫಿಕ್ಸ್‌ಚರ್‌ಗೆ ಮೊದಲ ಗುಣವಿದೆ. ರಾತ್ರಿ ಪಾಳಿಯ ಆಪರೇಟರ್ ನೀವಿಲ್ಲದಾಗ ಅದನ್ನು ಒಬ್ಬರೇ ಕೂರಿಸಬಲ್ಲರೇ, ಅಥವಾ ಹಳೆಯ ವೈಸ್ ಅನ್ನೇ ಹಾಕಿಕೊಳ್ಳುತ್ತಾರೆಯೇ ಎಂದು ಒಮ್ಮೆ ಹೋಗಿ ನೋಡಿ. ಎರಡನೆಯ ಮತ್ತು ಮೂರನೆಯ ಗುಣಗಳ ಪರೀಕ್ಷೆ ಅಲ್ಲೇ ಆಗಿಬಿಡುತ್ತದೆ.

ತರಗತಿಯಲ್ಲಿ ಚರ್ಚಿಸುವ ಪ್ರಕರಣಗಳ ಮಾದರಿಗೆ ಬೆಂಗಳೂರಿನದೇ ಒಂದನ್ನು ಕೊಡುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ನಗರದ ಎಂಜಿನಿಯರ್‌ಗಳು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕ 2000ದ ಆಸುಪಾಸಿನಲ್ಲಿ ಜಗತ್ತಿನ ಗಮನ ಸೆಳೆದಿತ್ತು. ಅಕ್ಷರ ಬಾರದವರಿಗೂ ಓದಿ ಹೇಳಬೇಕು, ಒಬ್ಬೊಬ್ಬರಿಗೆ ಒಂದೊಂದು ಸ್ಮಾರ್ಟ್ ಕಾರ್ಡ್ ಕೊಟ್ಟು ಒಂದೇ ಸಾಧನವನ್ನು ಹಳ್ಳಿಯ ಹಲವರು ಹಂಚಿಕೊಳ್ಳಬೇಕು ಎಂಬ ಆಲೋಚನೆ ಈಗ ಕೇಳಿದರೂ ಸೊಗಸಾಗಿದೆ. ಆದರೆ ಅದು ಮಾರುಕಟ್ಟೆಗೆ ಬರುವ ಹೊತ್ತಿಗೆ 2004 ಆಗಿತ್ತು. ಮೊಬೈಲ್ ಫೋನ್ ಅಗ್ಗವಾಗುತ್ತಿತ್ತು, ಮಾರಾಟವಾದದ್ದು ಕೆಲವೇ ಸಾವಿರ. ತಂತ್ರಜ್ಞಾನ ಸೋತಿತೆಂದು ಹೇಳಲಾಗದು. ಹಂಚಿಕೊಳ್ಳುವ ಸಾಧನವನ್ನು ಕೊಳ್ಳುವವರು ಯಾರು, ಪಂಚಾಯಿತಿಯೇ, ಸಹಕಾರ ಸಂಘವೇ, ಅಂಗಡಿಯವರೇ ಎಂಬುದು ಇತ್ಯರ್ಥವಾಗದೆ ಉಳಿದದ್ದೇ ದೊಡ್ಡ ತೊಡಕು ಎಂಬುದು ನನ್ನ ಅಭಿಪ್ರಾಯ. ಇಂಥ ಪ್ರಕರಣವನ್ನು ಮುಂದಿಟ್ಟುಕೊಂಡು ಎರಡು ಗಂಟೆ ವಾದ ಮಾಡುವ ತರಗತಿ ಸಿಕ್ಕಿದರೆ ಕೊಟ್ಟ ಶುಲ್ಕಕ್ಕೆ ಅರ್ಥವಿದೆ. ಅದನ್ನೇ ಸ್ಲೈಡಿನಲ್ಲಿ ಐದು ಅಂಶಗಳಾಗಿ ಬರೆದು ತೋರಿಸುವಲ್ಲಿ ಇಲ್ಲ.

ಪೇಟೆಂಟ್ ಬಗ್ಗೆಯೂ ಇಲ್ಲಿ ಕಲಿಸುತ್ತಾರೆ. ನೀವು ಕೋರ್ಸಿಗಾಗಿ ಕಾಯದೆ ತಿಳಿದಿರಬೇಕಾದದ್ದು ಇಷ್ಟು: ಹೊಸತನ ಕಾನೂನಿನ ಮೊದಲ ಷರತ್ತು, ಆದ್ದರಿಂದ ಅರ್ಜಿ ಹಾಕುವ ಮೊದಲು ಫಿಕ್ಸ್‌ಚರ್‌ನ ವಿಡಿಯೊವನ್ನು ಹಂಚಿಕೊಳ್ಳಬೇಡಿ. ತಾತ್ಕಾಲಿಕ ಅರ್ಜಿ ಸಲ್ಲಿಸಿದರೆ ಪೂರ್ಣ ವಿವರ ಕೊಡಲು 12 ತಿಂಗಳ ಕಾಲಾವಕಾಶವಿರುತ್ತದೆ. ಕೆಲಸದ ಅವಧಿಯಲ್ಲಿ ಮಾಡಿದ್ದರ ಹಕ್ಕು ಯಾರದೆಂಬ ಬಗ್ಗೆ ನಿಮ್ಮ ನೇಮಕಾತಿ ಪತ್ರದಲ್ಲಿ ಏನು ಬರೆದಿದೆ ಎಂಬುದನ್ನೂ ಓದಿಕೊಳ್ಳಿ.

ಎಲ್ಲಿ ಓದುವುದು ಎಂದರೆ, ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ವಹಣಾ ಅಧ್ಯಯನ ವಿಭಾಗದ ಎರಡು ವರ್ಷದ ಮಾಸ್ಟರ್ ಆಫ್ ಮ್ಯಾನೇಜ್‌ಮೆಂಟ್ ಎಂಜಿನಿಯರಿಂಗ್ ಪದವೀಧರರಿಗಾಗಿಯೇ ಇರುವಂಥದ್ದು. ನೌಕರಿ ಬಿಡಲು ಆಗದಿದ್ದರೆ ಬೆಂಗಳೂರಿನ ಐಐಎಂನಲ್ಲಿ ಉದ್ಯೋಗಸ್ಥರಿಗೆಂದೇ ವಾರಾಂತ್ಯದ ಕಾರ್ಯಕ್ರಮವಿದೆ. ನನ್ನನ್ನು ಕೇಳಿದರೆ, ಕೈಯಲ್ಲಿ ಇಂಥದೊಂದು ಬಗೆಹರಿಯದ ಸಮಸ್ಯೆ ಇಟ್ಟುಕೊಂಡಿರುವ ನೀವು ಎರಡನೆಯದನ್ನು ಆರಿಸಬೇಕು. ಶನಿವಾರ ಕೇಳಿದ್ದನ್ನು ಸೋಮವಾರ ಶಾಪ್ ಫ್ಲೋರಿನಲ್ಲಿ ಪರೀಕ್ಷಿಸುವ ಅನುಕೂಲ ಪೂರ್ಣಾವಧಿ ವಿದ್ಯಾರ್ಥಿಗೆ ಇರುವುದಿಲ್ಲ.

ಪ್ರಶ್ನೆ: ನಾನು ಬಿ.ಕಾಂ. ಅಂತಿಮ ವರ್ಷದಲ್ಲಿದ್ದೇನೆ. ತಂತ್ರಜ್ಞಾನ ನಿರ್ವಹಣೆಯಲ್ಲಿ ಆಸಕ್ತಿಯಿದೆ, ಆದರೆ ಅದು ಎಂಜಿನಿಯರ್‌ಗಳ ವಿಷಯವೆಂದು ಎಲ್ಲರೂ ಹೇಳುತ್ತಾರೆ. ನಿಜವೇ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಪ್ರವೇಶದ ಮಟ್ಟಿಗೆ ಅರ್ಧ ನಿಜ. ಮೇಲೆ ಹೇಳಿದ ವಿಜ್ಞಾನ ಸಂಸ್ಥೆಯ ಬಾಗಿಲು ನಿಮಗೆ ತೆರೆಯದು. ಆದರೆ ಸಿಎಟಿ ಪ್ರವೇಶ ಪರೀಕ್ಷೆಯ ಮೂಲಕ ಐಐಎಂಗಳಿಗೆ, ರಾಜ್ಯದ ಪಿಜಿಸಿಇಟಿ ಪರೀಕ್ಷೆಯ ಮೂಲಕ ಇಲ್ಲಿನ ವಿಶ್ವವಿದ್ಯಾಲಯಗಳ ಎಂಬಿಎಗೆ ಯಾವ ವಿಷಯದ ಪದವೀಧರರಾದರೂ ಅರ್ಜಿ ಹಾಕಬಹುದು. ಅಗತ್ಯವಿರುವ ಕನಿಷ್ಠ ಅಂಕ ಇದ್ದರಾಯಿತು. ಓದಿನ ಮಟ್ಟಿಗೆ ಅವರ ಮಾತು ಸುಳ್ಳು. ನೀವು ಓದಿರಬಹುದಾದ ಲೆಕ್ಕಪತ್ರ ಮಾನಕ 26ನ್ನು ನೆನಪಿಸಿಕೊಳ್ಳಿ: ಸಂಶೋಧನೆಯ ಹಂತದ ಖರ್ಚನ್ನು ಆಯಾ ವರ್ಷವೇ ವೆಚ್ಚವೆಂದು ಬರೆಯಬೇಕು, ಅಭಿವೃದ್ಧಿಯ ಹಂತದ್ದನ್ನು ಕೆಲವು ಷರತ್ತುಗಳು ಪೂರೈಸಿದರೆ ಆಸ್ತಿಯೆಂದು ತೋರಿಸಬಹುದು. ಸಂಶೋಧನೆ ಎಲ್ಲಿ ಮುಗಿದು ಅಭಿವೃದ್ಧಿ ಎಲ್ಲಿ ಶುರುವಾಯಿತು ಎಂಬ ಗೆರೆಯನ್ನು ಎಳೆಯುವುದು, ಆ ಗೆರೆಗೆ ಪುರಾವೆ ಕೇಳುವುದು ಈ ವಿಷಯದ ನಟ್ಟನಡುವಿನ ಕೆಲಸ. ತರಗತಿಯಲ್ಲಿ ಎಂಜಿನಿಯರ್ ಗೆಳೆಯರು ತಡವರಿಸುವುದು ಸಾಮಾನ್ಯವಾಗಿ ಇಲ್ಲೇ. ನೀವು ಕೋಡ್ ಬರೆಯಬೇಕಿಲ್ಲ. ಬರೆಯುವವರು ಮೂರು ತಿಂಗಳು ಸಾಕು ಎಂದಾಗ ಆರು ತಿಂಗಳಿಗೆ ಹಣ ಹೊಂದಿಸಿಡುವಷ್ಟು ಅವರ ಕೆಲಸವನ್ನು ಅರ್ಥಮಾಡಿಕೊಂಡಿರಬೇಕು.

ಪ್ರಶ್ನೆ: ಒಂದು ವರ್ಷದ ಆನ್‌ಲೈನ್ ‘ಇನೊವೇಶನ್ ಮ್ಯಾನೇಜ್‌ಮೆಂಟ್’ ಕೋರ್ಸ್ ಎಂಬಿಎಗೆ ಸಮವೆಂದು ಜಾಹೀರಾತು ಹೇಳುತ್ತದೆ. ಮಗನನ್ನು ಸೇರಿಸಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಕೊನೆಗೆ ಕೈಗೆ ಬರುವ ಕಾಗದದ ಮೇಲೆ ಪದವಿ ಎಂದಿರುತ್ತದೆಯೇ, ಪ್ರಮಾಣಪತ್ರ ಎಂದಿರುತ್ತದೆಯೇ ಎಂದು ಬರಹದಲ್ಲಿ ಕೇಳಿ. ಆನ್‌ಲೈನ್ ಎಂಬಿಎ ಪದವಿಯಾದರೆ ಅದನ್ನು ನೀಡುವ ವಿಶ್ವವಿದ್ಯಾಲಯಕ್ಕೆ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಮಾನ್ಯತೆ ಇರಬೇಕು, ಆ ಪಟ್ಟಿ ಸಾರ್ವಜನಿಕವಾಗಿದೆ. ಪ್ರಮಾಣಪತ್ರವೆಂದಾದರೆ, ಎಂಬಿಎ ಪದವಿ ಕೇಳುವ ಹುದ್ದೆಗೆ ಅರ್ಜಿ ಹಾಕುವಾಗ ಅದು ನೆರವಿಗೆ ಬಾರದು; ಈಗಾಗಲೇ ಕೆಲಸದಲ್ಲಿರುವವರಿಗೆ ಒಂದೆರಡು ಹೊಸ ವಿಷಯ ಕಲಿಯಲು ಆದೀತು. ನಿಮ್ಮ ಮಗ ಕೆಲಸದಲ್ಲಿದ್ದಾರೆಯೇ, ಇಲ್ಲವೇ ಎಂಬುದನ್ನು ನೀವು ಬರೆದಿಲ್ಲ. ಇಲ್ಲವೆಂದಾದರೆ, ಮೊದಲು ಒಂದೆರಡು ವರ್ಷ ದುಡಿಯಲಿ. ಆ ಶುಲ್ಕವನ್ನು ಅಲ್ಲಿಯವರೆಗೆ ಬ್ಯಾಂಕಿನಲ್ಲಿಡಿ.